ಸ್ಯಾಡಲ್ ಕೊಳ್ಳುವ ಮುಂಚೆ ವರ್ನಿಯರ್ ಹಿಡಿಯಿರಿ

ಎಲೆಕ್ಟ್ರಿಕ್ ಗಿಟಾರಿಗೆ ಹೊಸ ಸ್ಯಾಡಲ್, ಅಂದರೆ ತಂತಿ ಕೂರುವ ತುಂಡುಗಳು, ಹಾಕಬೇಕು, ಹಿತ್ತಾಳೆದು ತಗೊಳ್ಳಲಾ ಸ್ಟೀಲಿಂದು ತಗೊಳ್ಳಲಾ ಅಂತ ಕೇಳುವವರೇ ಜಾಸ್ತಿ. ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಬ್ರಿಡ್ಜ್ ಹತ್ತಿರ ಆರನೇ ತಂತಿಯಿಂದ ಒಂದನೇ ತಂತಿಗೆ ಎಷ್ಟು ಮಿಲಿಮೀಟರ್ ಇದೆ? ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಅಳೆಯಬೇಕು ಅಂತಲೂ ಹೊಳೆದಿರುವುದಿಲ್ಲ. ಆದರೆ ಹಿತ್ತಾಳೆಯ ಧ್ವನಿ ಬೆಚ್ಚಗಿರುತ್ತೆ, ಸ್ಟೀಲಿನ ಧ್ವನಿ ಚುರುಕಾಗಿರುತ್ತೆ ಅನ್ನುವುದು ಮಾತ್ರ ಎಲ್ಲರಿಗೂ ಬಾಯಿಪಾಠ.

ನನ್ನ ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಮಷೀನ್ ಶಾಪಿನಲ್ಲಿ. ಕ್ವಾಲಿಟಿ ಸೆಕ್ಷನ್. ಬೆಳಗ್ಗೆಯಿಂದ ಸಂಜೆವರೆಗೆ ಕೈಯಲ್ಲಿ ಮಿಲಿಮೀಟರಿನ ಚೂರನ್ನೂ ಅಳೆಯುವ ವರ್ನಿಯರ್ ಕ್ಯಾಲಿಪರ್. ಹುಟ್ಟೂರು ಮಂಡ್ಯ, ಅಲ್ಲಿನ ಒಂದು ಆರ್ಕೆಸ್ಟ್ರಾದಲ್ಲಿ ಈಗಲೂ ಗಿಟಾರ್ ನುಡಿಸುತ್ತೇನೆ. ಗಣೇಶನ ಹಬ್ಬಕ್ಕೆ ಶುರುವಾದರೆ ರಾಜ್ಯೋತ್ಸವ ಮುಗಿಯುವವರೆಗೆ ನಮಗೆ ಸೀಸನ್. ರಾಜ್ಯೋತ್ಸವ ಅಂದರೆ ಒಂದು ದಿನ ಅಲ್ಲ, ನವೆಂಬರ್ ಪೂರ್ತಿ ಒಂದಲ್ಲ ಒಂದು ಊರಲ್ಲಿ ನಡೆಯುತ್ತಲೇ ಇರುತ್ತದೆ ಅಲ್ವಾ. ಈ ಎರಡೂ ಕೆಲಸ ಸೇರಿ ನನ್ನನ್ನು ಗೊತ್ತಿದ್ದವರ ಗಿಟಾರಿಗೆಲ್ಲ ಬಿಟ್ಟಿ ಮೆಕ್ಯಾನಿಕ್ ಮಾಡಿಬಿಟ್ಟಿವೆ. ಭಾನುವಾರ ಬಂದರೆ ಕುವೆಂಪುನಗರದ ನಮ್ಮ ಮನೆ ಹಾಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ ಅಂತ ಹೆಂಡತಿಯ ದೂರು. ದೂರು ನ್ಯಾಯವಾದದ್ದೇ.

ಸ್ಯಾಡಲ್ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಬ್ರಿಡ್ಜ್ ಅನ್ನುವುದು ಗಿಟಾರಿನ ಮೈಮೇಲೆ ಕೂತಿರುವ ಲೋಹದ ಭಾಗ. ಅದರ ಮೇಲೆ ಸಾಮಾನ್ಯವಾಗಿ ತಂತಿಗೊಂದರಂತೆ ಆರು ಸಣ್ಣ ತುಂಡು. ಅವೇ ಸ್ಯಾಡಲ್. ತಂತಿ ನಡುಗುವುದು ಆ ಕಡೆ ಕತ್ತಿನ ತುದಿಯಲ್ಲಿರುವ ನಟ್ ಅನ್ನುವ ಪಟ್ಟಿಯಿಂದ ಈ ತುಂಡಿನ ನೆತ್ತಿಯವರೆಗೆ ಮಾತ್ರ. ತಂತಿ ಎಷ್ಟು ಎತ್ತರದಲ್ಲಿರಬೇಕು, ಎಷ್ಟು ಉದ್ದ ಇರಬೇಕು, ಪಕ್ಕದ ತಂತಿಯಿಂದ ಎಷ್ಟು ದೂರ ಇರಬೇಕು, ಮೂರೂ ಇಲ್ಲೇ ತೀರ್ಮಾನ ಆಗುತ್ತದೆ.

ಮನೆಯಲ್ಲಿ ವೀಣೆ ನೋಡಿ ಬೆಳೆದವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ವೀಣೆಯ ಕುದುರೆ, ಅಂದರೆ ಅದರ ಬ್ರಿಡ್ಜ್, ಜಾಗ ಬಿಟ್ಟು ಕದಲುವುದಿಲ್ಲ. ಸ್ವರಸ್ಥಾನ ತಪ್ಪಿದರೆ ಮೇಳ ಕಟ್ಟುವವರನ್ನು ಕರೆಸಬೇಕು. ಅವರು ಮೇಣ ಮೆತ್ತಗೆ ಮಾಡಿಕೊಂಡು 24 ಮೆಟ್ಟಿಲುಗಳನ್ನೂ ಒಂದೊಂದಾಗಿ ಕಿವಿಯಿಂದಲೇ ಕೇಳಿ ಕೂರಿಸುತ್ತಾರೆ. ಗಿಟಾರಿನಲ್ಲಿ ಫ್ರೆಟ್ಟುಗಳನ್ನು ಮರಕ್ಕೆ ಹೊಡೆದು ಕೂರಿಸಿರುತ್ತಾರೆ, ಅವು ಸರಿಯುವುದಿಲ್ಲ. ಅದಕ್ಕೇ ಇಲ್ಲಿ ಸ್ಯಾಡಲ್ ಹಿಂದೆ ಮುಂದೆ ಸರಿಯಬೇಕು.

ಈಗ ಅಳತೆಗೆ ಬರೋಣ. ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಗಿಟಾರ್, ಬಾಯಿಮಾತಿನಲ್ಲಿ ಸ್ಟ್ರಾಟ್, ಬಂದಿದ್ದು 1954ರಲ್ಲಿ. ಆ ಹಳೇ ಅಳತೆಯ ಬ್ರಿಡ್ಜಿನಲ್ಲಿ ಆರನೇ ತಂತಿಯಿಂದ ಒಂದನೇ ತಂತಿಗೆ 2 7/32 ಇಂಚು, ಅಂದರೆ 56.4 ಮಿಲಿಮೀಟರ್ ಹತ್ತಿರ. ಎರಡು ಕಂಬದ ಮೇಲೆ ನಿಲ್ಲುವ ಹೊಸ ಅಮೆರಿಕನ್ ಬ್ರಿಡ್ಜಿನಲ್ಲಿ ಅದು 2 1/16 ಇಂಚು, 52.4 ಮಿಲಿಮೀಟರ್. ಏಷ್ಯಾದಲ್ಲಿ ತಯಾರಾಗಿ ಬರುವ ಎಷ್ಟೋ ಗಿಟಾರುಗಳಲ್ಲೂ 52.5 ಸಿಗುತ್ತದೆ. ಆರು ಸ್ಯಾಡಲ್ ಇರುವ, ಅದೇ ಫೆಂಡರಿನ ಟೆಲಿಕಾಸ್ಟರ್ ಮಾದರಿಗಳಲ್ಲಿ 54 ಕೂಡ ಉಂಟು. ಆರು ತಂತಿಗೆ ನಡುವೆ ಐದು ಸಂದು, ಹಾಗಾಗಿ ಐದರಿಂದ ಭಾಗಿಸಿ. 11.3, 10.5, 10.8 ಬರುತ್ತದೆ. ಅಂಗಡಿಯವರು ಬರೆಯುವ ಸ್ಯಾಡಲ್ ಸೈಜು ಇದೇ.

ಪಕ್ಕದ ಬೀದಿಯ ಎಂಜಿನಿಯರಿಂಗ್ ಹುಡುಗ ಆನ್‌ಲೈನಿನಲ್ಲಿ ಒಂದು ಸೆಟ್ ತರಿಸಿದ. ಮೇಲೆ ಬರೆದಿದ್ದು ಎಲ್ಲ ಸ್ಟ್ರಾಟ್‌ಗೂ ಹೊಂದುತ್ತದೆ ಅಂತ. ಅವನ ಬ್ರಿಡ್ಜ್ 52.5ರದ್ದು, ಬಂದಿದ್ದು 11.3ರ ಸ್ಯಾಡಲ್. ನಾಲ್ಕು ಚೆನ್ನಾಗಿ ಕೂತವು, ಐದನೆಯದು ಒತ್ತಿಕೊಂಡು ಕೂತಿತು, ಆರನೆಯದಕ್ಕೆ ಜಾಗವೇ ಇಲ್ಲ. ಒಂದೊಂದರಲ್ಲಿ ಮುಕ್ಕಾಲು ಮಿಲಿಮೀಟರ್ ವ್ಯತ್ಯಾಸ ಅಂದರೆ ಏನೂ ಅಲ್ಲ ಅನಿಸುತ್ತದೆ. ಆರು ಸೇರಿದಾಗ ಐದು ಮಿಲಿಮೀಟರ್ ಹತ್ತಿರ ಆಗುತ್ತದೆ. ಪ್ಯಾಕೆಟ್ ಒಡೆದಿದ್ದಕ್ಕೆ ಮಾರಿದವರು ವಾಪಸ್ ತಗೊಳ್ಳಲಿಲ್ಲ. ಪಕ್ಕ ಉಜ್ಜಿ ಸಣ್ಣ ಮಾಡಿಕೊಡಿ ಅಂದ. ಉಜ್ಜಬಹುದಿತ್ತು. ಆದರೆ ಹಾಗೆ ಉಜ್ಜಿದರೆ ಎತ್ತರದ ಸ್ಕ್ರೂ ಕೂರುವ ತೂತಿನ ಗೋಡೆ ತೆಳ್ಳಗಾಗಿಬಿಡುತ್ತದೆ. ಬೇಡ ಅಂದೆ. ಹಳೇ ಅಳತೆಯ ಗಿಟಾರ್ ಇಟ್ಟುಕೊಂಡಿರುವ ಅವನ ಸ್ನೇಹಿತನಿಗೆ ಆ ಸೆಟ್ ಹೋಯಿತು.

ಅಗಲ ಸರಿಹೋಯಿತು ಅಂದುಕೊಳ್ಳಿ, ಆಮೇಲೆ ಸ್ಕ್ರೂ. ಇದರ ಬಗ್ಗೆ ಯಾರೂ ಹೇಳುವುದೇ ಇಲ್ಲ. ಅಮೆರಿಕನ್ ಗಿಟಾರುಗಳಲ್ಲಿ ಇಂಚಿನ ಥ್ರೆಡ್ಡು. ಏಷ್ಯಾದಿಂದ ಬರುವುದರಲ್ಲಿ ಹೆಚ್ಚಾಗಿ ಎಂ-3, ಅಂದರೆ ಮೂರು ಮಿಲಿಮೀಟರ್ ದಪ್ಪದ ಗ್ರಬ್ ಸ್ಕ್ರೂ. ತೂತಿನೊಳಗೆ ಪೂರ್ತಿ ಇಳಿಯುವಂಥ ಈ ಸ್ಕ್ರೂ ತಿರುಗಿಸಲು 1.5 ಮಿಲಿಮೀಟರಿನ ಆರು ಮೂಲೆಯ ಆಲನ್ ಕೀ. ಅಮೆರಿಕನ್ ಸ್ಟ್ರಾಟ್‌ಗೆ 0.05 ಇಂಚಿನ ಕೀ, ಅಂದರೆ 1.27 ಮಿಲಿಮೀಟರ್. ಇನ್ನು ಕೆಲವಕ್ಕೆ 1/16 ಇಂಚು, ಅದು 1.59. ಈ ಕೊನೆಯದರ ತೂತಿಗೆ 1.5ರ ಕೀ ಸಲೀಸಾಗಿ ಹೋಗುತ್ತದೆ, ತಿರುಗಿಸುತ್ತಲೂ ಹೋಗುತ್ತದೆ. ಒಂದು ದಿನ ಮಾತ್ರ ಸ್ಕ್ರೂ ಬಿಗಿಯಾದಾಗ ಷಡ್ಭುಜದ ಮೂಲೆಗಳು ಸವೆದು ತೂತು ದುಂಡಗಾಗುತ್ತದೆ. ಆಮೇಲೆ ಆ ಸ್ಕ್ರೂ ಈಚೆಗೆ ಬರಬೇಕಾದರೆ ಹರಸಾಹಸ. ಹಾಗಾಗಿ ಹೊಸ ಸ್ಯಾಡಲ್ ಜೊತೆಗೆ ಬಂದ ಕೀಯನ್ನು ಡಬ್ಬಿಯೊಳಗೇ ಬಿಟ್ಟು ಎಸೆಯಬೇಡಿ.

ಎಂ-3 ಸ್ಕ್ರೂವಿನ ಪಿಚ್ 0.5 ಮಿಲಿಮೀಟರ್. ಒಂದು ಸುತ್ತು ತಿರುಗಿಸಿದರೆ ಆ ಬದಿ ಅರ್ಧ ಮಿಲಿಮೀಟರ್ ಏರುತ್ತದೆ ಅಥವಾ ಇಳಿಯುತ್ತದೆ. ಇದು ಗೊತ್ತಿದ್ದರೆ ತಂತಿಯ ಎತ್ತರ ಇಡುವಾಗ ಸುಮ್ನೆ ತಡಕಾಡುವುದು ತಪ್ಪುತ್ತದೆ.

ಸ್ಕ್ರೂ ಉದ್ದವನ್ನೂ ನೋಡಿ. ಫ್ರೆಟ್ ಬೋರ್ಡು ಚಪ್ಪಟೆ ಅಲ್ಲ, ನಡುವೆ ಉಬ್ಬಿರುತ್ತದೆ. ಹಳೇ ಫೆಂಡರಿನಲ್ಲಿ ಆ ಉಬ್ಬಿನ ತ್ರಿಜ್ಯ 7.25 ಇಂಚು, ಈಗಿನವುಗಳಲ್ಲಿ 9.5, ಗಿಬ್ಸನ್ ಕಂಪನಿಯ ಗಿಟಾರುಗಳ ಕಡೆ 12. ಸ್ಯಾಡಲುಗಳ ಸಾಲೂ ಅದೇ ಬಾಗು ಹಿಡಿಯಬೇಕು. ಅಂದರೆ ಒಂದನೇ, ಆರನೇ ತಂತಿಯ ಸ್ಯಾಡಲ್ ಕೆಳಗೆ ಕೂರುತ್ತವೆ, ನಡುವಿನವು ಮೇಲೆ. ಎಲ್ಲಕ್ಕೂ ಒಂದೇ ಉದ್ದದ ಸ್ಕ್ರೂ ಕೊಟ್ಟಿದ್ದರೆ ಅಂಚಿನ ಎರಡರಲ್ಲಿ ಸ್ಕ್ರೂ ತಲೆ ಎತ್ತಿಕೊಂಡು ನಿಲ್ಲುತ್ತದೆ. ಬಲಗೈ ಬ್ರಿಡ್ಜಿನ ಮೇಲೆ ಊರಿ ತಂತಿ ಅದುಮಿ ನುಡಿಸುವವರಿಗೆ ಅದು ಅಂಗೈಗೆ ಚುಚ್ಚುತ್ತದೆ. ಎರಡು ಗಂಟೆ ಪ್ರೋಗ್ರಾಮ್ ಮುಗಿಯುವ ಹೊತ್ತಿಗೆ ಅಂಗೈ ಬುಡದಲ್ಲಿ ಕೆಂಪು ಚುಕ್ಕಿ ಎದ್ದಿರುತ್ತದೆ. ದುಬಾರಿ ಸ್ಯಾಡಲ್ ಬೇಕಿಲ್ಲ ಇದಕ್ಕೆ. ಎರಡು ಮಿಲಿಮೀಟರ್ ಗಿಡ್ಡದ ಗ್ರಬ್ ಸ್ಕ್ರೂ ನಾಲ್ಕು ಸಾಕು. ಒಳ್ಳೆ ಫಾಸ್ಟನರ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಸ್ಯಾಡಲ್ ಬದಲಿಸಬೇಕು ಅಂತ ಜನ ಬರುವುದಕ್ಕೆ ಅಳತೆಗಿಂತ ದೊಡ್ಡ ಕಾರಣ ಇನ್ನೊಂದಿದೆ. ತಂತಿ ಕಿತ್ತುಹೋಗುವುದು.

ಶ್ರೀರಂಗಪಟ್ಟಣದ ಆಚೆ ಒಂದು ಹಳ್ಳಿಯಲ್ಲಿ ಗಣೇಶನ ಪೆಂಡಾಲು. ನಮ್ಮ ತಂಡದ ಇನ್ನೊಬ್ಬ ಗಿಟಾರಿಸ್ಟ್ ಹಾಡಿನ ಮಧ್ಯೆ ಒಂದನೇ ತಂತಿ ಕಿತ್ತುಕೊಂಡ. ಅವನಿಗೆ ಇದು ಹೊಸದಲ್ಲ. ತಂತಿ ಕಂಪನಿ ಬದಲಿಸಿದ್ದ, ದಪ್ಪ ಬದಲಿಸಿದ್ದ, ತಂತಿ ಮೀಟುವ ಪ್ಲೆಕ್ಟ್ರಮ್ ಬದಲಿಸಿದ್ದ. ಕಿತ್ತುಹೋದ ತಂತಿಯ ಎರಡೂ ತುಂಡು ಎತ್ತಿಟ್ಟುಕೋ ಅಂದೆ. ಜನರೇಟರ್ ಬೆಳಕಿನಲ್ಲೇ ನೋಡಿದರೆ ಬಾಲ್ ಕಡೆಯ, ಅಂದರೆ ಬ್ರಿಡ್ಜ್ ಕಡೆ ತಂತಿ ತುದಿಗೆ ಗುಂಡು ಇರುವ ಕಡೆಯ ತುಂಡು ಸರಿಯಾಗಿ ಸ್ಯಾಡಲ್ ನೆತ್ತಿಯವರೆಗೆ ಬಂದು ನಿಂತಿತ್ತು. ಅಂದರೆ ಕಿತ್ತಿದ್ದು ಅಲ್ಲೇ.

ಅವನದು ಗಿಬ್ಸನ್‌ನ ಲೆಸ್ ಪಾಲ್ ಗಿಟಾರಿನ ಮಾದರಿ, ಟ್ಯೂನ್-ಓ-ಮ್ಯಾಟಿಕ್ ಬ್ರಿಡ್ಜ್. ಗಿಬ್ಸನ್‌ನವರು ಇದನ್ನು 1954ರ ಸುಮಾರಿಗೆ ತಂದರು, ಟೆಡ್ ಮೆಕಾರ್ಟಿ ಆ ಕಂಪನಿಯ ಅಧ್ಯಕ್ಷರಾಗಿದ್ದ ಕಾಲದಲ್ಲಿ. ಇದರ ಸ್ಯಾಡಲಿನಲ್ಲಿ ತಂತಿ ಕೂರಲು ಒಂದು ಸಣ್ಣ ಗಾಡಿ, ಅಂದರೆ ಗೀರಿನಂಥ ತೋಡು, ಕೊರೆದಿರುತ್ತಾರೆ. ಮರುದಿನ ಮನೆಯಲ್ಲಿ ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಐ-ಗ್ಲಾಸ್ ಹಾಕಿಕೊಂಡು ಆ ಗಾಡಿ ನೋಡಿದೆ. ಮೇಲಿನ ಕ್ರೋಮ್ ಹಪ್ಪಳ ಎದ್ದಿತ್ತು. ಕೆಳಗೆ ಬೂದು ಬಣ್ಣದ ಸತುವಿನ ಮಿಶ್ರಲೋಹ. ತಂತಿ ಗಾಡಿಯಿಂದ ಇಳಿದು ಹಿಂದಕ್ಕೆ ಬಾಗುವ ಕಡೆ ಕ್ರೋಮಿನ ಒಂದು ಚೂರು ಮೇಲೆದ್ದು ನಿಂತಿತ್ತು. ನಮ್ಮ ಶಾಪಿನಲ್ಲಿ ಇದಕ್ಕೆ ಬರ್ರ್ ಅನ್ನುತ್ತಾರೆ, ಅಂಥ ಪೀಸು ಬಂದರೆ ನಾನು ವಾಪಸ್ ಕಳಿಸುತ್ತೇನೆ. ಒಂದನೇ ತಂತಿ 0.010 ಇಂಚು, ಅಂದರೆ ಕಾಲು ಮಿಲಿಮೀಟರ್ ದಪ್ಪ. ಬೆಂಡ್ ಮಾಡಿದಾಗಲೆಲ್ಲ, ಅಂದರೆ ಸ್ವರ ಏರಿಸಲು ತಂತಿಯನ್ನು ಪಕ್ಕಕ್ಕೆ ಎಳೆದಾಗಲೆಲ್ಲ, ಅದು ಆ ಚೂರಿನ ಮೇಲೆ ಹಿಂದೆ ಮುಂದೆ ಉಜ್ಜುತ್ತದೆ. ಕಿತ್ತುಹೋಗದೆ ಇನ್ನೇನಾಗಬೇಕು?

ಹೊಸ ಸ್ಯಾಡಲ್ ತರಿಸುವವರೆಗೆ ಹಬ್ಬ ಕಾಯುವುದಿಲ್ಲ. 600ರ ವಾಟರ್ ಪೇಪರಿನ ತೆಳು ಪಟ್ಟಿ, ಆಮೇಲೆ 1000ದ್ದು, ಹಳೇ ತಂತಿಗೆ ಸುತ್ತಿ ಗಾಡಿಯಲ್ಲಿ ಎಳೆದೆ. ಕೊನೆಗೆ ಬ್ರಾಸೋ ಹಚ್ಚಿದ ದಾರ. ಹತ್ತು ನಿಮಿಷದ ಕೆಲಸ. ಆ ಸೀಸನ್ ಪೂರ್ತಿ ಅವನ ಒಂದನೇ ತಂತಿ ಕೀಳಲಿಲ್ಲ. ಆಮೇಲೆ ಹಿತ್ತಾಳೆಯ ಸೆಟ್ ಹಾಕಿಕೊಂಡ, ಅದು ಬೇರೆ ವಿಷಯ. ಇಂಥ ಹೊಸ ಸ್ಯಾಡಲುಗಳು ಗಾಡಿ ಇಲ್ಲದೆ ಬರುವುದೂ ಉಂಟು, ನೀವೇ ಅರದಲ್ಲಿ ಉಜ್ಜಿ ಮಾಡಿಕೊಳ್ಳಬೇಕು. ತಂತಿಯ ಅರ್ಧ ದಪ್ಪದಷ್ಟು ಇಳಿದರೆ ಸಾಕು. ಪೂರ್ತಿ ಮುಳುಗುವಷ್ಟು ಕೊರೆದರೆ ತಂತಿ ಸಿಕ್ಕಿಕೊಂಡು ಸದ್ದು ಸತ್ತುಹೋಗುತ್ತದೆ. ಗಾಡಿಯ ತಳ ಹಿಂದಕ್ಕೆ ಸ್ವಲ್ಪ ಇಳಿಜಾರು ಇರಲಿ. ತಳ ಚಪ್ಪಟೆ ಇದ್ದರೆ ತಂತಿ ಅದರ ಮೇಲೆ ತಟ್ಟಿಕೊಂಡು ಸಿತಾರಿನ ಹಾಗೆ ಜುಂಯ್‌ಗುಡುತ್ತದೆ. ಬೇಕು ಅಂತಲೇ ಹಾಗೆ ಮಾಡಿದ ಬ್ರಿಡ್ಜೂ ಇದೆ ಅನ್ನಿ. 1967ರಲ್ಲಿ ಡ್ಯಾನೆಲೆಕ್ಟ್ರೋದವರು ತಂದ ಕೋರಲ್ ಸಿತಾರ್ ಗಿಟಾರಿನ ಗುಟ್ಟೇ ಆ ಚಪ್ಪಟೆ ಬ್ರಿಡ್ಜ್. ತಂಬೂರಿಯ ಕುದುರೆ ಮೇಲೆ ತಂತಿ ಅಡಿಗೆ ನೂಲು ಸರಿಸಿ ನಾವು ಪಡೆಯುವ ನಾದವೂ ಆ ಜಾತಿಯದ್ದೇ. ಆದರೆ ಸಿನಿಮಾ ಹಾಡಿನ ಸೋಲೋ ಮಧ್ಯೆ ಅದು ಬಂದರೆ ಸೌಂಡ್‌ನವನು ನನ್ನ ಮುಖ ನೋಡುತ್ತಾನೆ.

ಹಾಗಾದರೆ ಯಾವ ಲೋಹ? ಎಲ್ಲರೂ ಕಾಯುತ್ತಿದ್ದ ಪ್ರಶ್ನೆ. ಸಾಂದ್ರತೆ ನೋಡಿದರೆ ಹಿತ್ತಾಳೆ ಘನ ಸೆಂಟಿಮೀಟರಿಗೆ ಸುಮಾರು 8.5 ಗ್ರಾಂ, ಸ್ಟೀಲ್ 7.8, ಸತುವಿನ ಮಿಶ್ರಲೋಹ 6.7 ಹತ್ತಿರ, ಟೈಟಾನಿಯಂ 4.5, ಅಲ್ಯೂಮಿನಿಯಂ 2.7. ತೂಕ, ಗಡಸುತನ ಬೇರೆಯಾದರೆ ಸದ್ದಿನಲ್ಲಿ ಏನೋ ವ್ಯತ್ಯಾಸ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಮನೆಯಲ್ಲಿ ಆಂಪ್ ಇಲ್ಲದೆ ಕಿವಿ ಹತ್ತಿರ ಇಟ್ಟು ಕೇಳಿದರೆ ನನಗೂ ಗೊತ್ತಾಗುತ್ತದೆ. ಆದರೆ ಹಳೇ ತಂತಿ ತೆಗೆದು ಹೊಸ ತಂತಿ ಹಾಕಿದಾಗ ಆಗುವ ವ್ಯತ್ಯಾಸದ ಮುಂದೆ ಇದು ಲೆಕ್ಕಕ್ಕಿಲ್ಲ. ಧ್ವನಿಗೋಸ್ಕರ ವಾದ್ಯವನ್ನೇ ತಿದ್ದಿದವರು ನಮ್ಮ ಮೈಸೂರಲ್ಲೇ ಇದ್ದರು. ಟಿ. ಚೌಡಯ್ಯನವರು ಮೈಕ್ ಇಲ್ಲದ ಸಭೆಯಲ್ಲಿ ಪಿಟೀಲು ಹಿಂದಿನ ಸಾಲಿಗೆ ಕೇಳಲಿ ಅಂತ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡರು. ಅದು ಹಿಂದಿನ ಸಾಲಿನವರಿಗೂ ಕೇಳುವ ಬದಲಾವಣೆ. ಹಿತ್ತಾಳೆಗೂ ಸ್ಟೀಲಿಗೂ ಇರುವ ಅಂತರ ಪೆಂಡಾಲಿನ ಮೊದಲ ಸಾಲಿಗೇ ಮುಟ್ಟುವುದಿಲ್ಲ.

ಲೋಹ ಆರಿಸುವಾಗ ನಾನು ನೋಡುವುದು ಸವೆತ, ತುಕ್ಕು ಎರಡೇ. ಬೆಂಡ್ ಜಾಸ್ತಿ ಮಾಡುವವರಿಗೆ ಹಿತ್ತಾಳೆ ಬೇಗ ಗೀರು ಬೀಳುತ್ತದೆ, ಅದು ಮೆತ್ತಗಿನ ಲೋಹ. ಬೆವರುವ ಕೈಗೆ ಸ್ಟೇನ್‌ಲೆಸ್ ಒಳ್ಳೆಯದು. ಕ್ರೋಮ್ ಬಳಿದ ಸತುವಿನದ್ದು ಬೇಡ. ಅಂಗಡಿಯವರು ಸ್ಟೀಲ್ ಅಂತ ಹೇಳಿ ಸತುವಿನದ್ದು ಕೊಡುತ್ತಾರೆ ಅನ್ನುವ ಅನುಮಾನ ಇದ್ದರೆ ಒಂದು ಅಯಸ್ಕಾಂತ ಜೇಬಲ್ಲಿಟ್ಟುಕೊಳ್ಳಿ. ಸಾದಾ ಸ್ಟೀಲ್ ಅಂಟುತ್ತದೆ, ಸತು ಹಿತ್ತಾಳೆ ಅಂಟುವುದಿಲ್ಲ. ಸ್ಟೇನ್‌ಲೆಸ್‌ನಲ್ಲಿ 304 ಥರದ್ದೂ ಅಂಟುವುದಿಲ್ಲ, ಅದೊಂದು ತೊಡಕು.

ಗ್ರಾಫ್‌ಟೆಕ್ ಅನ್ನುವ ಕೆನಡಾ ಕಂಪನಿಯ ಕಪ್ಪು ಬಣ್ಣದ ಸ್ಯಾಡಲ್ ಬಗ್ಗೆ ಕೇಳುವವರಿದ್ದಾರೆ. ಒಳಗೆ ಪಿಟಿಎಫ್‌ಇ, ಅಂದರೆ ನಾನ್‌ಸ್ಟಿಕ್ ತವಾದ ಮೇಲೆ ಇರುವ ಆ ಜಾರುವ ವಸ್ತು ಸೇರಿರುತ್ತದೆ. ತಂತಿ ಕೀಳುವುದಕ್ಕೆ ಒಳ್ಳೇ ಮದ್ದು, ಟ್ರೆಮೊಲೋ, ಅಂದರೆ ಬ್ರಿಡ್ಜ್ ಅಲ್ಲಾಡಿಸಿ ಸ್ವರ ಏರಿಳಿಸುವ ಕೋಲು, ಬಳಸುವವರಿಗೆ ಶ್ರುತಿ ಹೆಚ್ಚು ಕದಲುವುದಿಲ್ಲ. ಆದರೆ ಲೋಹವಲ್ಲದ ಯಾವ ಸ್ಯಾಡಲ್ ಹಾಕಿದರೂ ಅರ್ತಿಂಗ್ ನೋಡಲೇಬೇಕು. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಗಳು ಬ್ರಿಡ್ಜ್ ಮೂಲಕ ಅರ್ತಿಗೆ ಸೇರಿರುತ್ತವೆ. ಸ್ಟ್ರಾಟ್ ಟ್ರೆಮೊಲೋದಲ್ಲಿ ತಂತಿಯ ಬಾಲ್ ಕೆಳಗಿನ ಲೋಹದ ಬ್ಲಾಕಿಗೆ ತಾಗಿರುವುದರಿಂದ ತೊಂದರೆ ಇಲ್ಲ. ತಂತಿ ಮರದೊಳಗಿಂದ ಬರುವ ಗಿಟಾರಿನಲ್ಲಿ ಸ್ಯಾಡಲ್ ಒಂದೇ ಕೊಂಡಿ ಆಗಿದ್ದರೆ ಅದು ತಪ್ಪಿಹೋಗಿ, ತಂತಿ ಮುಟ್ಟಿದರೂ ಗುಂಯ್ ಅನ್ನುವ ಹಮ್ ನಿಲ್ಲುವುದಿಲ್ಲ. ಮಲ್ಟಿಮೀಟರಿನ ಒಂದು ಕಡ್ಡಿ ತಂತಿಗೆ, ಇನ್ನೊಂದು ಜಾಕಿನ ಹೊರ ಲೋಹಕ್ಕೆ ಇಡಿ. ಆರೂ ತಂತಿಗೆ ಬೀಪ್ ಬರಬೇಕು. ಹಾಗಂತ ಪೆಂಡಾಲಿನಲ್ಲಿ ಮೈಕಿಗೆ ತುಟಿ ತಾಗಿ ಶಾಕ್ ಹೊಡೆಯುತ್ತದಲ್ಲ, ಅದಕ್ಕೂ ಸ್ಯಾಡಲಿಗೂ ಸಂಬಂಧ ಇಲ್ಲ. ಅದು ಆ ಊರಿನ ವೈರಿಂಗ್. ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್ನನ್ನು ಕರೆಯಿರಿ.

ನನ್ನ ಸ್ವಂತ ಗಿಟಾರ್ ಟೆಲಿಕಾಸ್ಟರ್ ಮಾದರಿ, ಹಳೇ ಪದ್ಧತಿಯದು. ಆರು ತಂತಿಗೆ ಮೂರೇ ಸ್ಯಾಡಲ್. 1950ರಲ್ಲಿ ಲಿಯೋ ಫೆಂಡರ್ ಈ ಗಿಟಾರ್ ಮಾರುಕಟ್ಟೆಗೆ ತಂದಾಗ ಸ್ಯಾಡಲ್ ಹಿತ್ತಾಳೆಯ ದುಂಡು ತುಂಡುಗಳು. ಒಂದೊಂದರ ಮೇಲೆ ಎರಡೆರಡು ತಂತಿ. ತೊಂದರೆ ಇರುವುದೇ ಅಲ್ಲಿ. ಜೊತೆಯ ಎರಡು ತಂತಿಗೆ ಬೇಕಾದ ಉದ್ದ ಒಂದೇ ಅಲ್ಲ. ಆರನೆಯದಕ್ಕೆ ಐದನೆಯದಕ್ಕಿಂತ, ಎರಡನೆಯದಕ್ಕೆ ಒಂದನೆಯದಕ್ಕಿಂತ ಸ್ವಲ್ಪ ಹೆಚ್ಚು ಉದ್ದ ಬೇಕು. ನಡುವಿನ ಜೋಡಿ ಮಾತ್ರ ಉಲ್ಟಾ. ನಾಲ್ಕನೆಯದು ಸುತ್ತಿದ ತಂತಿ, ಮೂರನೆಯದು ಈಗ ಬರೀ ತಂತಿ, ಹಾಗಾಗಿ ಮೂರನೆಯದು ಹೆಚ್ಚು ಹಿಂದಕ್ಕೆ ಹೋಗಬೇಕು. ಆ ಕಾಲದಲ್ಲಿ ಮೂರನೇ ತಂತಿಯೂ ಸುತ್ತಿದ ದಪ್ಪ ತಂತಿಯೇ ಇರುತ್ತಿತ್ತು, ಅದಕ್ಕೇ ಅವರಿಗೆ ಇದು ಇಷ್ಟು ಕಾಡಲಿಲ್ಲ.

ನೇರ ಸ್ಯಾಡಲಿನಲ್ಲಿ ಹತ್ತನೇ ಫ್ರೆಟ್ ದಾಟಿ ಕಾರ್ಡ್ ಹಿಡಿದರೆ ಕೀಬೋರ್ಡ್ ಜೊತೆ ಜಗಳ. ಹಾಗಂತ ಆರು ಸ್ಯಾಡಲಿನ ಬ್ರಿಡ್ಜ್ ಹಾಕಲು ಮನಸ್ಸಿಲ್ಲ, ಆ ಮೂರು ದುಂಡು ತುಂಡಿನ ನೋಟ ನನಗೆ ಇಷ್ಟ. ನಮ್ಮ ಶಾಪಿನಲ್ಲಿ ಎಂಟು ಮಿಲಿಮೀಟರಿನ ಹಿತ್ತಾಳೆ ರಾಡಿನ ತುಂಡು ಉಳಿದಿತ್ತು. ಊಟದ ಬಿಡುವಿನಲ್ಲಿ ಟರ್ನರ್ ಅಣ್ಣನ ಮುಂದೆ ಸ್ಕೆಚ್ ಇಟ್ಟೆ. ಇಂಟೊನೇಶನ್ ಸ್ಕ್ರೂ, ಅಂದರೆ ಸ್ಯಾಡಲನ್ನು ಹಿಂದೆ ಮುಂದೆ ಸರಿಸುವ ಸ್ಕ್ರೂ, ಹೋಗುವ ತೂತನ್ನು ನೇರ ಕೊರೆಯದೆ ಓರೆಯಾಗಿ ಕೊರೆದರೆ ಸ್ಯಾಡಲ್ ತಾನೇ ಓರೆಯಾಗಿ ಕೂರುತ್ತದೆ. ಎರಡು ಒಂದು ದಿಕ್ಕಿಗೆ ಓರೆ, ನಡುವಿನದ್ದು ಎದುರು ದಿಕ್ಕಿಗೆ. ಅವರು ಸ್ಕೆಚ್ಚನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಯಾವ ಪಂಪಿನ ಪಾರ್ಟು ಅಂದರು. ಗಿಟಾರಿಂದು ಅಂದರೆ ನಂಬಲಿಲ್ಲ, ಆದರೆ ಡ್ರಿಲ್ ಮಾತ್ರ ನನ್ನ ಡ್ರಾಯಿಂಗಿಗೆ ಕೂದಲೆಳೆಯಷ್ಟೂ ತಪ್ಪದೆ ಇಳಿಸಿದರು. ಲೇತಿಗೆ ಬಳಸುವ ಹಿತ್ತಾಳೆಯಲ್ಲಿ ಸ್ವಲ್ಪ ಸೀಸ ಸೇರಿರುತ್ತದೆ, ಉಜ್ಜಿದ ಮೇಲೆ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ.

ಕೂರಿಸಿದ ಮೇಲೆ ಹೊಸ ತಂತಿ ಹಾಕಿಯೇ ಇಂಟೊನೇಶನ್, ಅಂದರೆ ಫ್ರೆಟ್ ಒತ್ತಿದಾಗ ಸ್ವರ ಸರಿಯಾಗಿ ಬರುತ್ತದಾ ಅಂತ, ನೋಡಬೇಕು. ಸವೆದ ತಂತಿಯಲ್ಲಿ ಎಷ್ಟು ತಿರುಗಿಸಿದರೂ ವ್ಯರ್ಥ. 12ನೇ ಫ್ರೆಟ್ ಒತ್ತಿ ನುಡಿಸಿದ ಸ್ವರ, ಅಲ್ಲೇ ತಂತಿಯನ್ನು ಒತ್ತದೆ ಹಗುರಾಗಿ ಮುಟ್ಟಿ ನುಡಿಸಿದ ಹಾರ್ಮೋನಿಕ್‌ಗಿಂತ ಏರಿದ್ದರೆ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಕತ್ತಿನ ಕಡೆಗೆ. ಎಷ್ಟು ಸರಿಸಬೇಕು ಅನ್ನುವುದಕ್ಕೆ ಲೆಕ್ಕ ಇದೆ. 648 ಮಿಲಿಮೀಟರ್ ಸ್ಕೇಲಿನಲ್ಲಿ, ಅಂದರೆ ತಂತಿ ನಡುಗುವ ಉದ್ದ ಅಷ್ಟಿದ್ದಾಗ, ಒಂದು ಮಿಲಿಮೀಟರ್ ಸರಿಸಿದರೆ ಸುಮಾರು 2.7 ಸೆಂಟ್ ಬದಲಾಗುತ್ತದೆ. ಸೆಂಟ್ ಅಂದರೆ ಒಂದು ಫ್ರೆಟ್ಟಿನಿಂದ ಪಕ್ಕದ ಫ್ರೆಟ್ಟಿಗೆ ಇರುವ ಸ್ವರದ ಅಂತರದಲ್ಲಿ ನೂರನೇ ಒಂದು ಭಾಗ. ಟ್ಯೂನರ್ 5 ಸೆಂಟ್ ಏರು ತೋರಿಸಿದರೆ ಎರಡು ಮಿಲಿಮೀಟರ್ ಹತ್ತಿರ ಹಿಂದಕ್ಕೆ ತನ್ನಿ, ಮತ್ತೆ ಶ್ರುತಿ ಮಾಡಿ, ಮತ್ತೆ ನೋಡಿ. ನನ್ನದರಲ್ಲಿ ಈಗ ಎಲ್ಲ ತಂತಿಯೂ ಎರಡು ಸೆಂಟ್ ಒಳಗೆ ನಿಂತಿವೆ. ಕೀಬೋರ್ಡಿನವನು ಏನೂ ಹೇಳಲಿಲ್ಲ. ಅವನು ಏನೂ ಹೇಳದಿದ್ದರೆ ಸರಿಯಾಗಿದೆ ಅಂತಲೇ ಅರ್ಥ.

ಇನ್ನು ಉಳಿದಿರುವುದು ಎತ್ತರದ ಸ್ಕ್ರೂಗಳು. ಈಗಿರುವುದು ಸಾದಾ ಸ್ಟೀಲಿಂದು, ಬೆವರಿಗೆ ಆಗಲೇ ಕಂದು ಬಣ್ಣಕ್ಕೆ ತಿರುಗುತ್ತಿವೆ. ಗಣೇಶನ ಹಬ್ಬಕ್ಕೆ ಮುಂಚೆ ಸ್ಟೇನ್‌ಲೆಸ್ ಹಾಕಬೇಕು. ಅಲ್ಲಿಯವರೆಗೆ ಹೊಲಿಗೆ ಮಷೀನಿನ ಎಣ್ಣೆ, ಒಂದೊಂದಕ್ಕೆ ಸೂಜಿ ಮೊನೆಯಲ್ಲಿ ಒಂದು ಹನಿ. ಕೊಬ್ಬರಿ ಎಣ್ಣೆ ಬೇಡ. ತಂಡದಲ್ಲಿ ಒಬ್ಬರು ತಲೆಗೆ ಹಚ್ಚಿಕೊಂಡು ಉಳಿದಿದ್ದನ್ನು ಬ್ರಿಡ್ಜಿಗೂ ಹಚ್ಚುತ್ತಾರೆ. ಅದು ಅಂಟುಗಟ್ಟಿ, ಧೂಳು ಸೇರಿ, ಕೊನೆಗೆ ನನ್ನ ಹತ್ತಿರವೇ ಬರುತ್ತದೆ.